ಇಲ್ಲವೆಂಬುದೂ ತಿಳಿಯದೆಂಬುದೂ: ದಾಖಲೆಗಳಲ್ಲಿ ಖಾಲಿ ಚೌಕದ ಅರ್ಥವಿಚಾರ

೧

ದಾಖಲೆಯೊಂದರಲ್ಲಿ ಬರೆದುದನ್ನು ಓದುವುದು ಸುಲಭ. ಬರೆಯದೆ ಬಿಟ್ಟುದನ್ನು ಓದುವುದು ಕಷ್ಟ. ಅರ್ಜಿಯಲ್ಲಿ ‘ದೂರವಾಣಿ ಸಂಖ್ಯೆ’ ಎಂಬ ಚೌಕ ಬರಿದಾಗಿದೆಯೆನ್ನೋಣ. ಅದರಿಂದ ಏನೆಂದು ತಿಳಿಯಬೇಕು? ಅರ್ಜಿದಾರನಲ್ಲಿ ದೂರವಾಣಿಯೇ ಇಲ್ಲವೆಂದೆ? ಇದೆ, ತಿಳಿಸಲು ಆತ ಒಪ್ಪಲಿಲ್ಲವೆಂದೆ? ಬರೆಯಲು ಮರೆತನೆಂದೆ? ಗುಮಾಸ್ತನು ಕೇಳಲೇ ಇಲ್ಲವೆಂದೆ? ಅಥವಾ ಅರ್ಜಿ ತುಂಬಿದ ಕಾಲಕ್ಕೆ ನಮೂನೆಯಲ್ಲಿ ಆ ಚೌಕವೇ ಇರಲಿಲ್ಲ, ಆಮೇಲೆ ಸೇರಿದ್ದು ಎಂದೆ? ಸಂಗತಿಗಳು ಐದು, ಕಾಗದದ ಮೇಲೆ ಅವೆಲ್ಲಕ್ಕೂ ರೂಪ ಒಂದೇ. ಆ ರೂಪವನ್ನು ನೋಡಿ ‘ಇಲ್ಲ’ ಎಂದು ಓದಿಬಿಡುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಈ ಅಭ್ಯಾಸದಿಂದ ಲೆಕ್ಕಗಳು ಹೇಗೆ ಕೆಡುತ್ತವೆ, ಮನುಷ್ಯರಿಗೆ ಹೇಗೆ ತೊಂದರೆಯಾಗುತ್ತದೆ, ಅದಕ್ಕೆ ಪರಿಹಾರವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಬೇಕೆಂದಿದೆ.

ಕೈಬರಹದ ಲೆಕ್ಕದ ಕಾಲದವರು ಈ ಅಪಾಯವನ್ನು ಅರಿಯದವರೇನಲ್ಲ. ಒಳ್ಳೆಯ ಲೆಕ್ಕಿಗನು ಲೆಡ್ಜರಿನ ಯಾವ ಕಲಮನ್ನೂ ಬರಿದೆ ಬಿಡುತ್ತಿರಲಿಲ್ಲ. ಮೊತ್ತವಿಲ್ಲದ ಕಡೆ ‘ಇಲ್ಲ’ ಎಂದೋ ಸೊನ್ನೆಯೆಂದೋ ಬರೆಯುವನು; ಸಂಬಂಧಿಸದ ಕಡೆ ಅಡ್ಡಗೆರೆ ಎಳೆಯುವನು; ಪುಟದ ಕೆಳಗೆ ಜಾಗ ಉಳಿದರೆ ಓರೆಗೆರೆ ಹಾಕಿ ಮುಚ್ಚುವನು. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದ ಮೇಲೆ ‘ಮಾತ್ರ’ ಎಂದು ಸೇರಿಸಿ ಗೆರೆಯೆಳೆಯುವುದು ಇಂದಿಗೂ ಉಳಿದಿರುವ ಆ ಸಂಪ್ರದಾಯದ ಅಂಶವೇ. ಖಾಲಿ ಜಾಗವೆಂದರೆ ಇನ್ನೊಬ್ಬನು ಬರೆಯಬಹುದಾದ ಜಾಗ ಎಂಬುದು ಅದರ ಹಿಂದಿರುವ ವಿವೇಕ.

ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ೧೮೮೧ರ ವರ್ಗಾವಣೀಯ ಲಿಖಿತಗಳ ಅಧಿನಿಯಮದ ೨೦ನೆಯ ಕಲಮಿನ ಪ್ರಕಾರ, ಮುದ್ರಾಂಕವಿರುವ ಕಾಗದಕ್ಕೆ ಸಹಿ ಹಾಕಿ, ಅದನ್ನು ಪೂರ್ತಿ ಖಾಲಿಯಾಗಿ ಇಲ್ಲವೆ ಅಪೂರ್ಣವಾಗಿ ಮತ್ತೊಬ್ಬನ ಕೈಗೆ ಕೊಟ್ಟವನು, ಮುದ್ರಾಂಕದ ಮಿತಿಯೊಳಗಿನ ಮೊತ್ತಕ್ಕೆ ಅದನ್ನು ಪೂರ್ಣಗೊಳಿಸುವ ಅಧಿಕಾರವನ್ನು ಮೇಲ್ನೋಟಕ್ಕೆ ಕೊಟ್ಟಂತೆಯೇ ಆಗುತ್ತದೆ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿನ ವಿಷಯದಲ್ಲಿಯೂ, ಅದು ಸಾಲದ ತೀರುವಳಿಗೆಂದೇ ಕೊಟ್ಟದ್ದೆಂಬ ಕಾನೂನಿನ ಊಹೆ ಅನ್ವಯಿಸುವುದೆಂದು ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯ ಬೀರ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿದೆ. ಎಂದ ಮೇಲೆ ಚೆಕ್ಕಿನ ಖಾಲಿ ಜಾಗ ‘ಏನೂ ಇಲ್ಲ’ ಎಂಬ ಅರ್ಥದ್ದಲ್ಲ. ‘ಏನು ಬೇಕಾದರೂ’ ಎಂಬುದಕ್ಕೆ ಅದು ಹತ್ತಿರ.

ಲೆಡ್ಜರು ಹೋಗಿ ಗಣಕಯಂತ್ರ ಬಂದಾಗ, ಗೆರೆಯೆಳೆಯುವ ಲೆಕ್ಕಿಗನ ಕೈಯೂ ಹೋಯಿತು. ಅದರ ಸ್ಥಾನದಲ್ಲಿ ಏನು ಬಂದಿತೆಂಬುದನ್ನು ಈಗ ನೋಡೋಣ.

೨

ಡೇಟಾಬೇಸ್ ಎಂದು ಈಗ ಎಲ್ಲರೂ ಕರೆಯುವ ದತ್ತಾಂಶಕೋಶಕ್ಕೆ ಇಂದಿನ ಶಾಸ್ತ್ರೀಯ ರೂಪ ಕೊಟ್ಟವನು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ದುಡಿದ ಈ ಗಣಿತಜ್ಞನು ೧೯೭೦ರಲ್ಲಿ ಪ್ರಕಟಿಸಿದ ಪ್ರಬಂಧವೇ ಇಂದಿನ ಬ್ಯಾಂಕು, ರೈಲ್ವೆ, ತೆರಿಗೆ ಇಲಾಖೆಗಳ ದಾಖಲೆಗಳಿಗೆಲ್ಲ ಮೂಲಪುರುಷನೆನ್ನಬಹುದು. ಅವನ ಪದ್ಧತಿಯಲ್ಲಿ ಮಾಹಿತಿಯೆಲ್ಲವೂ ಕೋಷ್ಟಕಗಳಲ್ಲಿರುತ್ತದೆ: ಅಡ್ಡಸಾಲಿಗೆ ಒಬ್ಬ ವ್ಯಕ್ತಿ ಅಥವಾ ಒಂದು ವಸ್ತು; ಕಂಬಸಾಲಿಗೆ ಅದರ ಒಂದು ಗುಣ. ಹೀಗಿರಲಾಗಿ, ಒಬ್ಬನ ಒಂದು ಗುಣ ನಮಗೆ ತಿಳಿಯದಿದ್ದರೆ ಆ ಮನೆಯಲ್ಲಿ ಏನನ್ನು ಇಡಬೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಅದಕ್ಕೆ ಮೊದಲಿನ ರೂಢಿ ಒರಟಾಗಿತ್ತು. ತಿಳಿಯದ ವಯಸ್ಸಿಗೆ ೯೯, ತಿಳಿಯದ ದಿನಾಂಕಕ್ಕೆ ೧-೧-೧೯೦೦ ಎಂದು ಯಾವುದೋ ಒಂದು ಬೆಲೆಯನ್ನು ತುಂಬುತ್ತಿದ್ದರು. ಅದು ತಿಳಿಯದ್ದರ ಗುರುತೆಂಬುದನ್ನು ಬರೆದವನು ಬಲ್ಲ. ಹತ್ತು ವರ್ಷದ ಮೇಲೆ ಓದುವವನು ಅರಿಯ. ಆಗ ನಿಜವಾಗಿ ತೊಂಬತ್ತೊಂಬತ್ತು ವರ್ಷ ಬಾಳಿದ ವೃದ್ಧನೂ, ವಯಸ್ಸು ಹೇಳದೆ ಹೋದ ತರುಣನೂ ಒಂದೇ ಲೆಕ್ಕಕ್ಕೆ ಸೇರುತ್ತಾರೆ.

ಈ ಗೊಂದಲವನ್ನು ಕಳೆಯಲು, ಬೆಲೆಯೇ ಅಲ್ಲದ ಒಂದು ಗುರುತನ್ನು ಬಳಸಬೇಕೆಂಬ ವಿಚಾರವನ್ನು ಕಾಡ್ ೧೯೭೯ರ ಪ್ರಬಂಧದಲ್ಲಿ ವಿಸ್ತರಿಸಿದನು. ಅದೇ ‘ನಲ್’. ೧೯೮೫ರಲ್ಲಿ ಕಂಪ್ಯೂಟರ್‌ವರ್ಲ್ಡ್ ಪತ್ರಿಕೆಯಲ್ಲಿ ಅವನು ಪ್ರಕಟಿಸಿದ ಪ್ರಸಿದ್ಧ ನಿಯಮಗಳಲ್ಲಿ ಮೂರನೆಯದು ಇದನ್ನು ಕುರಿತದ್ದೇ: ನಲ್ ಎಂಬುದು ಖಾಲಿ ಪಠ್ಯಕ್ಕಿಂತ ಬೇರೆಯಾಗಿರಬೇಕು, ಬರಿಯ ತೆರಪುಗಳಿಂದಾದ ಪಠ್ಯಕ್ಕಿಂತ ಬೇರೆಯಾಗಿರಬೇಕು, ಸೊನ್ನೆ ಮೊದಲಾದ ಯಾವ ಸಂಖ್ಯೆಗಿಂತಲೂ ಬೇರೆಯಾಗಿರಬೇಕು, ಮತ್ತು ಸಂಖ್ಯೆ, ಪಠ್ಯ, ದಿನಾಂಕ ಎಲ್ಲಕ್ಕೂ ಒಂದೇ ಕ್ರಮದಲ್ಲಿ ನಡೆಯಬೇಕು.

ಇಲ್ಲಿ ಮೂರು ವಸ್ತುಗಳನ್ನು ವಾಚಕರು ಬಿಡಿಬಿಡಿಯಾಗಿ ಹಿಡಿದುಕೊಳ್ಳುವುದು ಅವಶ್ಯ. ಸೊನ್ನೆ ಒಂದು ಸಂಖ್ಯೆ. ಕ್ರಿ.ಶ. ೬೨೮ರಷ್ಟು ಹಿಂದೆಯೇ ಬ್ರಹ್ಮಗುಪ್ತನು ಅದನ್ನು ಕೂಡುವ ಕಳೆಯುವ ನಿಯಮಗಳನ್ನು ಹೇಳಿದ್ದಾನೆ. ಖಾತೆಯಲ್ಲಿ ಬಾಕಿ ಸೊನ್ನೆಯೆಂದರೆ ಅದು ಪೂರ್ಣವಾದ ಉತ್ತರ. ಖಾಲಿ ಪಠ್ಯವೂ ಒಂದು ಬೆಲೆಯೇ. ಒಂದೂ ಅಕ್ಷರವಿಲ್ಲದ, ಉದ್ದ ಸೊನ್ನೆಯಾದ ಪದವೆಂದು ಅದನ್ನು ತಿಳಿಯಬಹುದು. ಎರಡು ಖಾಲಿ ಪಠ್ಯಗಳು ಪರಸ್ಪರ ಸಮ. ನಲ್ ಮಾತ್ರ ಬೆಲೆಯಲ್ಲ. ‘ಇಲ್ಲಿ ಬೆಲೆ ದಾಖಲಾಗಿಲ್ಲ’ ಎಂಬ ಸೂಚನೆಯಷ್ಟೆ. ಖಾಲಿ ಪಠ್ಯ ಬರಿದಾದ ಲಕೋಟೆಯಿದ್ದಂತೆ. ತೆರೆದು ನೋಡಿ, ಒಳಗೇನೂ ಇಲ್ಲವೆಂದು ಹೇಳಬಹುದು. ನಲ್ ಎಂದರೆ ಲಕೋಟೆಯೇ ಬಂದಿಲ್ಲ.

೩

ಈ ಭೇದ ಬರಿಯ ಪಂಡಿತರ ಚರ್ಚೆಯಲ್ಲ. ಒಂದು ಸಣ್ಣ ಉದಾಹರಣೆಯಿಂದ ಅದರ ಫಲ ತಿಳಿಯುತ್ತದೆ.

ಹತ್ತು ಖಾತೆದಾರರ ಕೋಷ್ಟಕವಿದೆಯೆನ್ನೋಣ. ‘ಸ್ವಂತ ಊರು’ ಎಂಬ ಕಂಬಸಾಲಿನಲ್ಲಿ ನಾಲ್ವರದು ಧಾರವಾಡ, ಮೂವರದು ಬೇರೆ ಬೇರೆ ಊರು. ಉಳಿದ ಮೂವರು ಹೇಳಿಲ್ಲ. ಹೇಳದವರ ಮನೆಯಲ್ಲಿ ನಲ್ ಇದೆ. ಈಗ ‘ಧಾರವಾಡದವರು ಎಷ್ಟು ಮಂದಿ?’ ಎಂದು ಯಂತ್ರವನ್ನು ಕೇಳಿದರೆ ನಾಲ್ಕು ಎನ್ನುತ್ತದೆ. ‘ಧಾರವಾಡದವರಲ್ಲದವರು ಎಷ್ಟು?’ ಎಂದರೆ ಮೂರು ಎನ್ನುತ್ತದೆ. ನಾಲ್ಕೂ ಮೂರೂ ಏಳು. ಹತ್ತರಲ್ಲಿ ಮೂವರು ಎರಡು ಪಟ್ಟಿಯಲ್ಲೂ ಇಲ್ಲದೆ ಮಾಯವಾದರು! ಅದೇ ಮೂರು ಮನೆಗಳಲ್ಲಿ ನಲ್ ಬದಲು ಖಾಲಿ ಪಠ್ಯವಿದ್ದರೆ, ಅದು ‘ಧಾರವಾಡ’ ಎಂಬ ಪದಕ್ಕೆ ಸಮವಲ್ಲದ್ದರಿಂದ, ಎರಡನೆಯ ಪ್ರಶ್ನೆಗೆ ಉತ್ತರ ಆರು ಎಂದು ಬರುತ್ತದೆ. ಮೊದಲನೆಯ ರೀತಿಯಲ್ಲಿ ಹೇಳದವರು ಲೆಕ್ಕದಿಂದಲೇ ಜಾರಿಹೋದರು. ಎರಡನೆಯ ರೀತಿಯಲ್ಲಿ, ಅವರು ಧಾರವಾಡದವರಲ್ಲವೆಂದು ಯಾರೂ ಹೇಳದ ಮಾತನ್ನು ಯಂತ್ರ ಹೇಳಿತು. ಸತ್ಯವಾದ ಉತ್ತರ ಮೂರು ಭಾಗದ್ದು: ನಾಲ್ವರು ಹೌದು, ಮೂವರು ಅಲ್ಲ, ಮೂವರ ವಿಷಯ ತಿಳಿಯದು. ಅದನ್ನು ಪಡೆಯಬೇಕಾದರೆ, ‘ಯಾರ ಮನೆಯಲ್ಲಿ ನಲ್ ಇದೆ?’ ಎಂದು ಪ್ರತ್ಯೇಕವಾಗಿ ಕೇಳಬೇಕು.

ಹೀಗಾಗುವುದಕ್ಕೆ ಕಾರಣ, ಎಸ್.ಕ್ಯೂ.ಎಲ್. ಎಂಬ ಪ್ರಶ್ನಭಾಷೆಯ ತರ್ಕ ಎರಡು ಬೆಲೆಯದಲ್ಲ, ಮೂರು ಬೆಲೆಯದು. ಪೋಲೆಂಡಿನ ತರ್ಕಶಾಸ್ತ್ರಜ್ಞ ಲುಕಾಸೆವಿಚ್ ೧೯೨೦ರಲ್ಲಿ ಇಂಥ ತ್ರಿಮೌಲ್ಯ ತರ್ಕವೊಂದನ್ನು ಮಂಡಿಸಿದ್ದನು. ಅಮೆರಿಕದ ಕ್ಲೀನಿ ಆಮೇಲೆ ಬೇರೊಂದನ್ನು ಕಟ್ಟಿದನು. ಎಸ್.ಕ್ಯೂ.ಎಲ್. ನಡೆಯುವುದು ಕ್ಲೀನಿಯ ದಾರಿಯಲ್ಲಿ. ಇದರಲ್ಲಿ ‘ಸತ್ಯ’, ‘ಅಸತ್ಯ’ಗಳ ಜೊತೆಗೆ ‘ಅಜ್ಞಾತ’ವೂ ಒಂದು ತೀರ್ಪು. ತಿಳಿಯದ್ದನ್ನು ಯಾವುದಕ್ಕೆ ಹೋಲಿಸಿದರೂ ಫಲ ಅಜ್ಞಾತ. ನಲ್ ಅನ್ನು ನಲ್‌ಗೇ ಹೋಲಿಸಿದರೂ ಹಾಗೆಯೇ. ಇಬ್ಬರ ಊರು ತಿಳಿಯದೆಂದ ಮಾತ್ರಕ್ಕೆ ಇಬ್ಬರದೂ ಒಂದೇ ಊರೆಂದು ಹೇಳಲಾಗದಷ್ಟೆ? ಪಟ್ಟಿ ಮಾಡುವಾಗ ಯಂತ್ರವು ‘ಸತ್ಯ’ವೆಂದು ತೀರ್ಪಾದ ಸಾಲುಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ; ಅಜ್ಞಾತವೆಂದಾದವು ಸದ್ದಿಲ್ಲದೆ ಹಿಂದೆ ಉಳಿಯುತ್ತವೆ.

ಸರಾಸರಿಯ ಮಾತೂ ಇಂಥದೇ. ನಾಲ್ವರಲ್ಲಿ ಮೂವರ ಮಾಸಿಕ ವರಮಾನ ೨೦,೦೦೦, ೩೦,೦೦೦, ೪೦,೦೦೦ ರೂಪಾಯಿ; ನಾಲ್ಕನೆಯವನದು ತಿಳಿಯದು. ನಲ್ ಇಟ್ಟರೆ ಯಂತ್ರ ಅವನನ್ನು ಬಿಟ್ಟು ಸರಾಸರಿ ೩೦,೦೦೦ ಎನ್ನುತ್ತದೆ. ಸೊನ್ನೆ ತುಂಬಿದರೆ ಸರಾಸರಿ ೨೨,೫೦೦ಕ್ಕೆ ಇಳಿಯುತ್ತದೆ. ತಿಳಿಯದ ಒಂದು ಮನೆಯಲ್ಲಿ ಗುಮಾಸ್ತನು ಸೌಕರ್ಯಕ್ಕೆಂದು ತುಂಬಿದ ಸೊನ್ನೆಯಿಂದ ನಾಲ್ವರೂ ಬಡವರಾದರು.

ಇನ್ನು, ಒಂದೇ ಬೆಲೆ ಇಬ್ಬರಿಗೆ ಬರಕೂಡದೆಂಬ ನಿರ್ಬಂಧವಿರುವ ಕಂಬಸಾಲುಗಳಿವೆ. ಇ-ಮೇಲ್ ವಿಳಾಸ ಅಂಥದು. ಇ-ಮೇಲ್ ಇಲ್ಲದ ಮೊದಲ ಗ್ರಾಹಕನ ಮನೆಯಲ್ಲಿ ಖಾಲಿ ಪಠ್ಯ ಕುಳಿತರೆ, ಅದೇ ಸ್ಥಿತಿಯ ಎರಡನೆಯ ಗ್ರಾಹಕನನ್ನು ಯಂತ್ರ ‘ಈ ವಿಳಾಸ ಈಗಾಗಲೇ ಇದೆ’ ಎಂದು ತಿರಸ್ಕರಿಸುತ್ತದೆ. ನಲ್ ಇದ್ದರೆ ಬಹುಪಾಲು ದತ್ತಾಂಶಕೋಶಗಳು ಎಷ್ಟು ಮಂದಿಯನ್ನಾದರೂ ಸೇರಿಸಿಕೊಳ್ಳುತ್ತವೆ. ಆದರೆ ಹೆಸರಿನ ಭಾಗಗಳನ್ನು ಜೋಡಿಸುವಾಗ ನ್ಯಾಯ ತಿರುಗುಮುರುಗಾಗುತ್ತದೆ. ಪಠ್ಯಕ್ಕೆ ನಲ್ ಸೇರಿದರೆ ಫಲ ನಲ್ ಎಂಬುದು ಎಸ್.ಕ್ಯೂ.ಎಲ್. ನಿಯಮ. ಮಧ್ಯದ ಹೆಸರು ನಲ್ ಆದವನ ಪೂರ್ಣ ಹೆಸರನ್ನು ಕೂಡಿಸಹೋದರೆ, ಮೊದಲ ಹೆಸರೂ ಕೊನೆಯ ಹೆಸರೂ ಸಹ ಅಳಿಸಿಹೋಗಿ, ಅವನ ಪತ್ರದ ಮೇಲೆ ಹೆಸರೇ ಇಲ್ಲದಂತಾಗುತ್ತದೆ.

ಇದರ ಮೇಲೆ ತಯಾರಕರ ಭಿನ್ನಾಭಿಪ್ರಾಯ ಬೇರೆ. ದೊಡ್ಡ ಸಂಸ್ಥೆಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಒರಾಕಲ್ ದತ್ತಾಂಶಕೋಶವು ಖಾಲಿ ಪಠ್ಯವನ್ನೂ ನಲ್ ಎಂದೇ ಎಣಿಸುತ್ತದೆ. ಪಠ್ಯ ಜೋಡಿಸುವಾಗ ಮಾತ್ರ ನಲ್ ಅನ್ನು ಏನೂ ಇಲ್ಲವೆಂಬಂತೆ ದಾಟಿಹೋಗುತ್ತದೆ. ಪೋಸ್ಟ್‌ಗ್ರೆಸ್, ಮೈ-ಎಸ್.ಕ್ಯೂ.ಎಲ್. ಮೊದಲಾದವು ಎರಡನ್ನೂ ಬೇರೆಯಾಗಿಯೇ ಇಡುತ್ತವೆ. ಒಂದು ಮನೆತನದ ದತ್ತಾಂಶಕೋಶದಿಂದ ಇನ್ನೊಂದಕ್ಕೆ ದಾಖಲೆಗಳನ್ನು ಸಾಗಿಸುವಾಗ ಈ ವ್ಯತ್ಯಾಸದ ಅರಿವಿಲ್ಲದಿದ್ದರೆ, ನಿನ್ನೆ ಬಂದ ಲೆಕ್ಕ ಇಂದು ಬಾರದು.

ಗಣಕದ ಪರದೆಯ ಮೇಲೆ ನಾವು ತುಂಬುವ ನಮೂನೆಗಳಾದರೂ ಈ ಭೇದವನ್ನು ಕಾಯುತ್ತವೆಯೆ? ಕಾಯುವುದಿಲ್ಲ. ಅಂತರ್ಜಾಲದ ನಮೂನೆಯಲ್ಲಿ ಮುಟ್ಟದೆ ಬಿಟ್ಟ ಪಠ್ಯದ ಚೌಕ ಖಾಲಿ ಪಠ್ಯವನ್ನು ಕಳುಹಿಸುತ್ತದೆ. ಬರೆದು ಅಳಿಸಿದ ಚೌಕವೂ ಅದನ್ನೇ ಕಳುಹಿಸುತ್ತದೆ. ಗುರುತು ಹಾಕದ ಚೌಕದ ಕತೆ ಇನ್ನೂ ವಿಚಿತ್ರ: ಅದು ಏನನ್ನೂ ಕಳುಹಿಸುವುದಿಲ್ಲ. ‘ಬೇಡ’ ಎಂದವನೂ ಆ ಸಾಲನ್ನು ನೋಡದೆ ಹೋದವನೂ ಅಲ್ಲಿ ಒಂದೇ. ಆದಕಾರಣ ಭೇದವನ್ನು ಉಳಿಸುವ ಭಾರ ಯಂತ್ರದ ಮೇಲಿಲ್ಲ. ನಮೂನೆಯನ್ನು ರಚಿಸುವವನ ಮೇಲಿದೆ.

೪

ಇಷ್ಟು ಹೇಳಿದ ಮೇಲೆ, ಇದೇ ಪ್ರಶ್ನೆಯನ್ನು ನಮ್ಮ ದೇಶದ ದಾರ್ಶನಿಕರು ಎಷ್ಟು ಸೂಕ್ಷ್ಮವಾಗಿ ಎತ್ತಿಕೊಂಡಿದ್ದರೆಂಬುದನ್ನು ನೆನೆಯದಿರಲಾಗದು. ಪುರಾತನರಿಗೆ ಗಣಕಯಂತ್ರ ತಿಳಿದಿತ್ತೆಂದು ಹೇಳುವ ಹುಚ್ಚು ನಮಗಿಲ್ಲ. ಪ್ರಶ್ನೆ ಒಂದೇ ಆದುದರಿಂದ ಅವರ ವಿಂಗಡಣೆ ನಮಗೆ ಉಪಯೋಗಕ್ಕೆ ಬರುತ್ತದೆ ಎಂಬಷ್ಟೇ ಅಭಿಪ್ರಾಯ.

ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಕಾಲಕ್ರಮದಲ್ಲಿ ಅಂಗೀಕರಿಸಿ, ಅದನ್ನು ನಾಲ್ಕಾಗಿ ವಿಭಾಗಿಸಿದರು. ಮಡಕೆ ಹುಟ್ಟುವ ಮುನ್ನ ಜೇಡಿಯಲ್ಲಿ ಅದರ ಪ್ರಾಗಭಾವ. ಒಡೆದ ಮೇಲೆ ಪ್ರಧ್ವಂಸಾಭಾವ. ಗಾಳಿಯಲ್ಲಿ ಬಣ್ಣದ ಅತ್ಯಂತಾಭಾವ. ಮಡಕೆ ಬಟ್ಟೆಯಲ್ಲವೆಂಬಲ್ಲಿ ಅನ್ಯೋನ್ಯಾಭಾವ. ದಾಖಲೆಗೆ ಇದನ್ನು ಹೊಂದಿಸಿ ನೋಡಬಹುದು. ಅರ್ಜಿ ಹಾಕಿ ಇನ್ನೂ ಕೈಗೆ ಬಾರದ ಪಾಸ್‌ಪೋರ್ಟಿನ ಸಂಖ್ಯೆ ಮೊದಲನೆಯ ಬಗೆ. ರದ್ದಾದ ದೂರವಾಣಿಯ ಸಂಖ್ಯೆ ಎರಡನೆಯ ಬಗೆ. ಅವಿವಾಹಿತನ ಅರ್ಜಿಯಲ್ಲಿ ಮದುವೆಯ ದಿನಾಂಕ ಮೂರನೆಯದಕ್ಕೆ ಹತ್ತಿರ. ನಾಲ್ಕನೆಯದು ನಮ್ಮ ಭಾಷೆಯಲ್ಲಿಯೇ ಬೇರೆ ಮಾತಾಗಿ ನಿಂತಿದೆ. ‘ಇಲ್ಲ’ ಎಂಬುದು ಇರವಿನ ನಿಷೇಧ, ‘ಅಲ್ಲ’ ಎಂಬುದು ಅಭೇದದ ನಿಷೇಧ. ‘ಮನೆಯಲ್ಲಿ ಹಾಲಿಲ್ಲ’ ಎನ್ನುವವನು ‘ಇದು ಹಾಲಲ್ಲ’ ಎನ್ನುವುದರೊಡನೆ ಅದನ್ನು ಎಂದೂ ಬೆರೆಸುವುದಿಲ್ಲ.

ಇವೆಲ್ಲವೂ ವಸ್ತುವಿನ ಅಭಾವ. ನಮಗೆ ತಿಳಿದಿರುವ ಅಭಾವ. ತಿಳಿಯದಿರುವುದು ಇವುಗಳಲ್ಲಿ ಯಾವುದೂ ಅಲ್ಲ. ಅದು ಜ್ಞಾನದ ಅಭಾವ. ಕಾಡ್ ಸಹ ಕೊನೆಗೆ ಈ ಭೇದಕ್ಕೆ ಬಂದನೆಂಬುದು ಗಮನಾರ್ಹ. ೧೯೯೦ರ ತನ್ನ ಗ್ರಂಥದಲ್ಲಿ ಅವನು ಒಂದು ನಲ್ ಸಾಲದೆಂದು ಎರಡು ಗುರುತುಗಳನ್ನು ಸೂಚಿಸಿದನು: ಅನ್ವಯಿಸುತ್ತದೆ, ಆದರೆ ತಿಳಿದಿಲ್ಲ ಎಂಬುದಕ್ಕೆ ಒಂದು, ಅನ್ವಯಿಸುವುದೇ ಇಲ್ಲ ಎಂಬುದಕ್ಕೆ ಇನ್ನೊಂದು. ಆಗ ತರ್ಕದ ಬೆಲೆಗಳು ನಾಲ್ಕಾಗುತ್ತವೆ. ಬಳಕೆದಾರರಿಗೆ ಮೂರೇ ಭಾರವಾಗಿದ್ದುದರಿಂದಲೋ ಏನೋ, ಆ ಸೂಚನೆ ಆಚರಣೆಗೆ ಬರಲಿಲ್ಲ. ಕ್ರಿಸ್ ಡೇಟ್ ಮೊದಲಾದ ವಿಮರ್ಶಕರು ನಲ್ಲನ್ನೇ ಬಿಡಬೇಕು, ತಿಳಿದ ಸಂಗತಿಗಳನ್ನು ಮಾತ್ರ ಪ್ರತ್ಯೇಕ ಕೋಷ್ಟಕಗಳಲ್ಲಿ ಇಡಬೇಕು ಎಂದು ವಾದಿಸಿದರು.

ನಮಗೆ ಇನ್ನೂ ಹೆಚ್ಚು ಪ್ರಯೋಜನವಾಗುವುದು ಭಾಟ್ಟ ಮೀಮಾಂಸಕರ ವಿಚಾರ. ಅಭಾವವನ್ನು ತಿಳಿಯುವುದಕ್ಕೆ ಅನುಪಲಬ್ಧಿಯೆಂಬ ಬೇರೆ ಪ್ರಮಾಣವೇ ಉಂಟೆಂದು ಅವರ ಮತ. ನೆಲದ ಮೇಲೆ ಮಡಕೆ ಕಾಣುತ್ತಿಲ್ಲ, ಆದ್ದರಿಂದ ಮಡಕೆಯಿಲ್ಲ. ಹಾಗಾದರೆ ಕತ್ತಲೆಯ ಕೋಣೆಯಲ್ಲಿಯೂ ಮಡಕೆ ಕಾಣುವುದಿಲ್ಲವಷ್ಟೆ. ಅಲ್ಲಿಯೂ ಮಡಕೆಯಿಲ್ಲವೆಂದು ಹೇಳಬಹುದೆ? ಹೇಳಲಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸಂದರ್ಭದಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಖಾಲಿ ಚೌಕವನ್ನು ಓದುವವನಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಬೇರೆ ಬೇಕಿಲ್ಲ. ಪ್ರಶ್ನೆಯನ್ನು ಕೇಳಿದ್ದರೆ, ಉತ್ತರಿಸುವವನಿಗೆ ಅದು ಅರ್ಥವಾಗಿದ್ದರೆ, ಉತ್ತರಕ್ಕೆ ತಕ್ಕ ಜಾಗವಿದ್ದರೆ, ಆಗ ಮೌನವನ್ನು ‘ಇಲ್ಲ’ವೆಂದು ಓದಬಹುದು. ದೀಪವಿಲ್ಲದ ಕೋಣೆಯನ್ನು ನೋಡಿ ಬರಿದೆಂದು ಬರೆಯುವುದು ದಾಖಲೆಯಲ್ಲ, ಊಹೆ.

೫

ಖಾಲಿ ಚೌಕದ ತಾಪತ್ರಯವನ್ನು ಕನ್ನಡಿಗರಷ್ಟು ಅನುಭವಿಸಿದವರು ವಿರಳವೆಂದರೆ ಅತಿಶಯೋಕ್ತಿಯಾಗಲಾರದು. ಅದಕ್ಕೆ ಕಾರಣ ನಮ್ಮ ಹೆಸರುಗಳು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲನೆಯದು ವ್ಯಕ್ತಿಯ ಹೆಸರು, ಎರಡನೆಯದು ತಂದೆಯದು, ಮೂರನೆಯದು ಮನೆತನದ್ದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಕೊನೆಯದು ವ್ಯಕ್ತಿ. ‘ಮೊದಲ ಹೆಸರು, ಮಧ್ಯದ ಹೆಸರು, ಕುಲನಾಮ’ ಎಂದು ಮೂರು ಚೌಕಗಳುಳ್ಳ ನಮೂನೆ ಬೇಂದ್ರೆಯವರಿಗೆ ಅಂಗಿಯಂತೆ ಒಪ್ಪುತ್ತದೆ. ಪುಟ್ಟಪ್ಪನವರಿಗೆ ಒಪ್ಪುವುದಿಲ್ಲ. ಹಳೆಯ ಮೈಸೂರಿನ ಕಡೆಯ ಅನೇಕರಿಗೆ ಕುಲನಾಮ ತಿಳಿಯದ್ದಲ್ಲ, ಮುಚ್ಚಿಟ್ಟದ್ದೂ ಅಲ್ಲ, ಅನ್ವಯಿಸದ್ದು. ಮುಂಬಯಿ ಪುಣೆಗಳಲ್ಲಿ ನೆಲೆಸಿದ ಮೇಲೆ, ಅಲ್ಲಿನ ನಮೂನೆಗಳ ಒತ್ತಾಯಕ್ಕೆ ತಂದೆಯ ಹೆಸರೋ ಊರ ಹೆಸರೋ ಕುಲನಾಮವಾಗಿ ಬೆಳೆದ ಮನೆಗಳು ಎಷ್ಟೋ. ನಮೂನೆಯ ಒಂದು ಚೌಕ ಹೀಗೆ ವಂಶದ ಹೆಸರನ್ನೇ ಹುಟ್ಟಿಸಬಲ್ಲುದು.

ಹೊರದೇಶಗಳಿಗೆ ಹೋದಾಗ ತೊಡಕು ಹೆಚ್ಚುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು, ಅದು ಕುಲನಾಮದ ಜಾಗದಲ್ಲಿದ್ದರೆ, ಅಮೆರಿಕದ ವೀಸಾ ಅರ್ಜಿಯಲ್ಲಿ ಮೊದಲ ಹೆಸರಿನ ಕಡೆ ‘ಎಫ್.ಎನ್.ಯು.’ ಎಂದು ತುಂಬಬೇಕೆಂಬುದು ಅಲ್ಲಿನ ಸೂಚನೆ. ‘ಮೊದಲ ಹೆಸರು ತಿಳಿಯದು’ ಎಂಬುದರ ಸಂಕ್ಷೇಪವದು. ಸಂಗತಿ ‘ಇಲ್ಲ’ ಎಂದಿದ್ದರೆ, ದಾಖಲೆ ‘ತಿಳಿಯದು’ ಎನ್ನುತ್ತದೆ. ಅದನ್ನು ಓದುವ ಮುಂದಿನ ಕಚೇರಿಯ ಯಂತ್ರವೋ ‘ಎಫ್ನು’ ಎಂಬುದನ್ನೇ ಹೆಸರೆಂದು ಹಿಡಿಯುತ್ತದೆ. ೨೦೨೨ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳ ಸಂದರ್ಶಕರಿಗೆ ಪ್ರವೇಶವಿಲ್ಲವೆಂದು ವಿಮಾನ ಸಂಸ್ಥೆಗಳಿಗೆ ತಿಳಿಸಿತು. ನಿವಾಸದ ಅಥವಾ ಉದ್ಯೋಗದ ಪರವಾನಗಿಯುಳ್ಳವರ ಮಟ್ಟಿಗೆ ಆಗ ಸೂಚಿಸಿದ ಪರಿಹಾರವೆಂದರೆ, ಇರುವ ಒಂದೇ ಹೆಸರನ್ನು ಎರಡು ಚೌಕಗಳಲ್ಲಿಯೂ ಬರೆಯುವುದು. ಕೊಲ್ಲಿಯ ದೇಶಗಳಲ್ಲಿ ದುಡಿಯುವ ಕರಾವಳಿಯ ಜನರಿಗೆ ಇದು ದೂರದ ಸುದ್ದಿಯಲ್ಲ. ಯಂತ್ರದ ತೃಪ್ತಿಗಾಗಿ ಮನುಷ್ಯನು ತನ್ನ ಹೆಸರನ್ನು ಎರಡು ಸಲ ಹೇಳಬೇಕಾಯಿತು.

ಇದಕ್ಕೆ ತಿರುಗಾದ ದೃಷ್ಟಾಂತವೂ ಒಂದಿದೆ. ಕ್ಯಾಲಿಫೋರ್ನಿಯದ ಗಣಕ ಸುರಕ್ಷಾ ತಜ್ಞನೊಬ್ಬನು ತಮಾಷೆಗೆಂದು ತನ್ನ ಕಾರಿಗೆ ‘ನಲ್’ ಎಂಬ ಅಕ್ಷರಗಳ ಫಲಕವನ್ನೇ ಪಡೆದನು. ವಾಹನದ ಸಂಖ್ಯೆ ದಾಖಲಾಗದ ದಂಡದ ಚೀಟಿಗಳೆಲ್ಲವೂ ಅವನ ಮನೆಗೆ ಬರತೊಡಗಿದವು. ಅವುಗಳ ಮೊತ್ತ ೧೨,೦೦೦ ಡಾಲರಿಗೂ ಮಿಕ್ಕಿತೆಂದು ೨೦೧೯ರಲ್ಲಿ ವರದಿಯಾಯಿತು. ‘ಬೆಲೆಯಿಲ್ಲ’ ಎಂಬ ಗುರುತೂ, ಅದೇ ಅಕ್ಷರಗಳುಳ್ಳ ಪದವೂ ಯಾವುದೋ ಒಂದು ಹಂತದಲ್ಲಿ ಒಂದಾಗಿ ಹೋಗಿದ್ದವು.

೬

ಹೆಸರಿನ ತೊಂದರೆ ಕಣ್ಣಿಗೆ ಕಾಣುವಂಥದು. ಹಣದ ವಿಷಯದಲ್ಲಿ ಅದು ಬಹುಕಾಲ ಕಾಣದೆ ಅಡಗಿರುತ್ತದೆ. ಬ್ಯಾಂಕಿನ ಠೇವಣಿಗೆ ನಾಮನಿರ್ದೇಶನ ಮಾಡುವ ಹಕ್ಕನ್ನು ೧೯೪೯ರ ಬ್ಯಾಂಕಿಂಗ್ ನಿಯಂತ್ರಣ ಅಧಿನಿಯಮದ ೪೫-ಝಡ್‌ಎ ಕಲಮು ಕೊಟ್ಟಿದೆ. ೨೦೨೫ರ ತಿದ್ದುಪಡಿಯಿಂದ, ಆ ವರ್ಷದ ನವೆಂಬರ್ ೧ರಿಂದ, ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಖಾತೆದಾರನಿಗೆ ನಾಮನಿರ್ದೇಶನ ಬೇಡವಾದರೆ ಬ್ಯಾಂಕು ಏನು ಮಾಡಬೇಕೆಂಬುದರಲ್ಲಿ ರಿಸರ್ವ್ ಬ್ಯಾಂಕಿನ ಗ್ರಾಹಕಸೇವಾ ಸೂಚನೆಗಳು ತೋರಿದ ವಿವೇಕ ಮೆಚ್ಚತಕ್ಕದ್ದು. ಮೊದಲು ಅದರ ಪ್ರಯೋಜನವನ್ನು ವಿವರಿಸಬೇಕು. ಆಗಲೂ ಬೇಡವೆಂದರೆ, ಬೇಡವೆಂದು ಬರೆದ ಪತ್ರ ಪಡೆಯಬೇಕು. ಪತ್ರ ಕೊಡಲೂ ಒಪ್ಪದಿದ್ದರೆ, ಆ ಸಂಗತಿಯನ್ನು ಖಾತೆ ತೆರೆಯುವ ಅರ್ಜಿಯ ಮೇಲೆ ಬ್ಯಾಂಕೇ ದಾಖಲಿಸಬೇಕು. ಎಂದರೆ, ಯಾವ ದಾರಿಯಲ್ಲಿ ಹೋದರೂ ಚೌಕ ಮೂಕವಾಗಿ ಉಳಿಯುವುದಿಲ್ಲ. ಕಾಗದದ ಮೇಲೆ ಯೋಗ್ಯಾನುಪಲಬ್ಧಿಗೆ ಬೇಕಾದ ದೀಪವನ್ನು ಹಚ್ಚಿಡುವ ಕ್ರಮವಿದು.

ಈ ಕ್ರಮ ಪಾಲನೆಯಾದ ಖಾತೆಗೂ, ಯಾರೂ ಕೇಳದೆ ಬಿಟ್ಟ ಹಳೆಯ ಖಾತೆಗೂ, ಯಂತ್ರದಲ್ಲಿ ನಾಮಿನಿಯ ಮನೆ ಒಂದೇ ತರನಾಗಿ ಬರಿದಾಗಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಬೇಡವೆಂದವರಿಗೆ ಮತ್ತೆ ಮತ್ತೆ ಪತ್ರ ಬರೆಯುತ್ತೇವೆ, ಕೇಳಬೇಕಾದವರನ್ನು ಬಿಟ್ಟುಬಿಡುತ್ತೇವೆ. ನಾಮಿನಿಯಿಲ್ಲದ ಖಾತೆಯ ಯಜಮಾನ ತೀರಿಕೊಂಡಾಗ ಆತನ ಹೆಂಡತಿ ಮಕ್ಕಳು ವಾರಸುದಾರಿಕೆಯ ಪತ್ರ, ಜಾಮೀನುಪತ್ರಗಳೆಂದು ಅಲೆಯಬೇಕಾಗುತ್ತದೆ. ಖಾತೆಯಿದೆಯೆಂಬುದೇ ಮನೆಯವರಿಗೆ ತಿಳಿಯದಿದ್ದರಂತೂ, ಹತ್ತು ವರ್ಷ ಮುಟ್ಟದೆ ಉಳಿದ ಹಣ ೨೦೧೪ರ ಯೋಜನೆಯ ಪ್ರಕಾರ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಹಕ್ಕುದಾರರು ಆಮೇಲೆಯೂ ಬ್ಯಾಂಕಿನ ಮೂಲಕ ಅದನ್ನು ಪಡೆಯಬಹುದು. ಹುಡುಕಲು ೨೦೨೩ರಲ್ಲಿ ರಿಸರ್ವ್ ಬ್ಯಾಂಕು ‘ಉದ್ಗಮ್’ ಎಂಬ ಅಂತರ್ಜಾಲ ತಾಣವನ್ನೂ ತೆರೆದಿದೆ. ಆದರೆ ಅಲ್ಲಿ ಹೆಸರಿನ ಜೊತೆಗೆ ಜನ್ಮದಿನಾಂಕವನ್ನೋ ಪ್ಯಾನ್ ಮೊದಲಾದ ಗುರುತನ್ನೋ ಕೊಟ್ಟು ಹುಡುಕುವುದು ವಾಡಿಕೆ. ಈ ಚೌಕಗಳಿಲ್ಲದ ಕಾಲದಲ್ಲಿ ತೆರೆದ ಖಾತೆಯಲ್ಲಿ ಅವು ಬರಿದಾಗಿರುತ್ತವೆ. ಊರು ಬಿಟ್ಟು ಬಂದು, ನಗರದಿಂದ ನಗರಕ್ಕೆ ವರ್ಗವಾಗುತ್ತ, ಹೋದ ಹೋದ ಕಡೆ ಒಂದೊಂದು ಪಾಸ್‌ಬುಕ್ಕು ಬಿಟ್ಟುಬಂದ ನಮ್ಮ ಹಿಂದಿನ ತಲೆಮಾರಿನವರಿಗೆ ಇದು ಹೆಚ್ಚಾಗಿ ತಾಗುತ್ತದೆ.

ಲೆಕ್ಕವನ್ನು ಪ್ರಾಮಾಣಿಕವಾಗಿ ಇಡುವುದು ಹೇಗೆಂಬುದಕ್ಕೆ ನಮ್ಮ ಜನಗಣತಿ ಒಳ್ಳೆಯ ಮಾದರಿ. ೨೦೧೧ರ ಗಣತಿಯಲ್ಲಿ ‘ಇತರ ಧರ್ಮಗಳು’ ಎಂಬ ಗುಂಪಿನಲ್ಲಿ ೭೯ ಲಕ್ಷ ಜನರೂ, ‘ಧರ್ಮ ತಿಳಿಸಿಲ್ಲ’ ಎಂಬ ಬೇರೆ ಗುಂಪಿನಲ್ಲಿ ೨೯ ಲಕ್ಷ ಜನರೂ ಇದ್ದಾರೆ. ವಯಸ್ಸಿನ ಕೋಷ್ಟಕಗಳಲ್ಲಿಯೂ ‘ವಯಸ್ಸು ತಿಳಿಸಿಲ್ಲ’ ಎಂಬ ಸಾಲು ಪ್ರತ್ಯೇಕವಾಗಿದೆ. ಹೇಳದವರನ್ನು ಯಾವ ಗುಂಪಿಗೂ ತಳ್ಳದೆ, ಲೆಕ್ಕದಿಂದಲೂ ಬಿಡದೆ ಉಳಿಸಿಕೊಂಡದ್ದರಿಂದಲೇ ಮೊತ್ತ ಸರಿಹೋಗುತ್ತದೆ.

ನಮ್ಮ ಸಂಘಗಳ ಸದಸ್ಯರ ಪಟ್ಟಿಗಳಿಗೆ ಈ ಎಚ್ಚರ ಬಂದಿಲ್ಲ. ಹೊರನಾಡ ಕನ್ನಡಿಗರನ್ನು ಕುರಿತ ಸಂಶೋಧನೆಗೆ ಆ ಪಟ್ಟಿಗಳಿಗಿಂತ ಹತ್ತಿರದ ಸಾಮಗ್ರಿ ಬೇರಿಲ್ಲ. ‘ಮನೆಮಾತು’ ಎಂಬ ಕಲಮು ಬರಿದಾಗಿದ್ದರೆ ಕನ್ನಡವೆಂದೇ ಹಿಡಿಯುವುದು ಸುಲಭ, ಕನ್ನಡ ಸಂಘವಲ್ಲವೆ? ಆದರೆ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಕನ್ನಡದಲ್ಲಿ ಓದಿ ಬರೆದು, ಕನ್ನಡಕ್ಕಾಗಿ ದುಡಿದವರು ಮುಂಬಯಿಯಲ್ಲಿ ಎಷ್ಟು ಮಂದಿಯಿಲ್ಲ? ಒಂದೇ ಚೌಕ ಕೊಟ್ಟ ಪ್ರಶ್ನೆಯ ಮುಂದೆ ಅವರು ಪೆನ್ನು ಎತ್ತಿ ಸುಮ್ಮನಾಗುವುದು ಸಹಜ. ಆ ಮೌನವನ್ನು ಕನ್ನಡವೆಂದು ಎಣಿಸಿದರೂ ಕನ್ನಡವಲ್ಲವೆಂದು ಎಣಿಸಿದರೂ, ನಮ್ಮ ಸಮಾಜದ ಒಂದು ಮುಖ್ಯ ಸಂಗತಿ ಅಳಿಸಿಹೋಗುತ್ತದೆ.

೭

ಪರಿಹಾರಗಳು ದೊಡ್ಡವೇನಲ್ಲ. ಮೊದಲನೆಯದಾಗಿ, ಉತ್ತರದ ಅಗತ್ಯವಿಲ್ಲದ ಪ್ರಶ್ನೆಯನ್ನು ಕೇಳಬಾರದು. ಕೇಳಿದರೆ, ‘ಇಲ್ಲ’, ‘ಅನ್ವಯಿಸದು’, ‘ತಿಳಿಯದು’, ‘ಹೇಳಲು ಇಷ್ಟವಿಲ್ಲ’ ಎಂಬ ಉತ್ತರಗಳಿಗೂ ನಮೂನೆಯಲ್ಲೇ ಸ್ಥಳವಿರಬೇಕು. ದತ್ತಾಂಶಕೋಶದಲ್ಲಿ ಬೆಲೆಯ ಕಂಬಸಾಲಿನ ಪಕ್ಕದಲ್ಲಿ ಕಾರಣದ ಕಂಬಸಾಲೊಂದನ್ನೂ, ಕೇಳಿದ ದಿನಾಂಕವನ್ನೂ ಇಟ್ಟರೆ ಸಾಕು. ಹೊಸದಾಗಿ ಸೇರಿಸಿದ ಚೌಕಕ್ಕೆ ಹಳೆಯ ಸಾಲುಗಳಲ್ಲಿ ‘ಕೇಳಿಲ್ಲ’ ಎಂದು ತಾನಾಗಿ ತುಂಬಬಹುದು.

ಎಲ್ಲ ಕಡೆಯೂ ಇಷ್ಟು ಸೂಕ್ಷ್ಮ ಬೇಕೆಂದಲ್ಲ. ಪತ್ರದ ಕೊನೆಯ ಷರಾದಂಥ ಕಡೆ, ಬರೆದಿಲ್ಲ ಎಂಬುದಕ್ಕೂ ಖಾಲಿ ಎಂಬುದಕ್ಕೂ ವ್ಯವಹಾರದಲ್ಲಿ ಭೇದವಿಲ್ಲ. ಅಲ್ಲಿ ನಲ್ ನಿಷೇಧಿಸಿ ಖಾಲಿ ಪಠ್ಯವೊಂದನ್ನೇ ಇಟ್ಟುಕೊಳ್ಳುವುದು ಜಾಣತನ. ಎರಡನ್ನೂ ಮನಬಂದಂತೆ ಬೆರೆಯಗೊಡುವುದು ಮಾತ್ರ ಕೂಡದು. ದಿನಾಂಕ, ಮೊತ್ತ, ಗುರುತಿನ ಸಂಖ್ಯೆಗಳಲ್ಲಿ ಸುಳ್ಳು ಬೆಲೆ ತುಂಬದೆ ನಲ್ ಬಳಸಬೇಕು. ಬರಿಯ ತೆರಪುಗಳನ್ನು ಒಳಬರುವಾಗಲೇ ಕಳೆಯಬೇಕು. ಹೆಸರಿಗೆ ಪೂರ್ಣವಾಗಿ ಬರೆಯುವ 1ಂದು ಚೌಕ ಸಾಕು. ಭಾಗಗಳು ಬೇಕೇಬೇಕಾದ ಕಡೆ ‘ನಿಮ್ಮನ್ನು ಏನೆಂದು ಕರೆಯಬೇಕು?’ ಎಂದು ಬೇರೆ ಕೇಳಬಹುದು. ಕೊನೆಯದಾಗಿ, ಯಾವ ವರದಿಯನ್ನು ಬರೆದರೂ ‘ತಿಳಿಸದವರು ಇಷ್ಟು’ ಎಂಬ ಸಾಲನ್ನು ಬಿಡಬಾರದು.

ದಾಖಲೆಯ ಕೆಲಸ ತಿಳಿದದ್ದನ್ನು ಕಾಪಾಡುವುದು ಮಾತ್ರವೆಂದು ನಾವು ಭಾವಿಸಿದ್ದೇವೆ. ತಿಳಿಯದ್ದು ಎಷ್ಟು, ಏಕೆ ತಿಳಿಯದು ಎಂಬುದನ್ನು ಕಾಪಾಡುವುದೂ ಅದರ ಕೆಲಸವೇ. ‘ತಿಳಿಯದು’ ಎಂದು ಬರೆದಿಟ್ಟ ಕಡೆ ಮುಂದೊಬ್ಬನು ಬಂದು ಕೇಳಿ ತಿಳಿಯುವ ಅವಕಾಶವಿರುತ್ತದೆ. ‘ಇಲ್ಲ’ವೆಂದು ಓದಿಬಿಟ್ಟ ಕಡೆ ಯಾರೂ ಮತ್ತೆ ಕೇಳಹೋಗುವುದಿಲ್ಲ.